ಕುರ್ಚಿ ಕಾಯ್ದೆ

ಟಿಕೆಟ್ಟಿನ ಹಿಂಬದಿಯನ್ನು ಓದುವವರನ್ನು ನಾನು ಈವರೆಗೆ ಕಂಡಿಲ್ಲ. ಮುಂಬದಿಯಲ್ಲಿ ಪ್ರಸಂಗದ ಹೆಸರು, ವೇಷದ ಕಿರೀಟ, ಆಸನದ ಸಂಖ್ಯೆ ಎಲ್ಲವೂ ಢಾಳಾಗಿರುತ್ತವೆ. ಹಿಂಬದಿಯಲ್ಲಿ ಇರುವೆಯ ಸಾಲಿನಂಥ ಅಕ್ಷರಗಳು. ಭೂಮಾಪನ ಇಲಾಖೆಯಲ್ಲಿದ್ದುಕೊಂಡು ಬ್ರಹ್ಮಾವರದಿಂದ ಶಿರೂರಿನವರೆಗೆ ಗಡಿಕಲ್ಲು ಹುಡುಕಿ, ಇದು ನಿನ್ನದು, ಅದು ಅವನದು ಎಂದು ಅಂಗುಲ ತಪ್ಪದೆ ಹೇಳಿ ನಿವೃತ್ತನಾದ ನನಗೂ ಅಂಗೈಯಗಲದ ಕಾಗದವನ್ನು ಮಗುಚಿ ನೋಡುವ ವ್ಯವಧಾನ ಇರಲಿಲ್ಲ.

ಈಗ ಓದುತ್ತೇನೆ. ಕಾರಣವನ್ನು ನಿಧಾನವಾಗಿ, ಕಂಡಷ್ಟನ್ನೇ ಹೇಳುತ್ತೇನೆ.

ಒಂದು ಭಾನುವಾರ ಮಧ್ಯಾಹ್ನ ಕುಂದಾಪುರದ ಸಭಾಭವನವೊಂದರಲ್ಲಿ ಟಿಕೆಟ್ಟಿನ ಯಕ್ಷಗಾನವಿತ್ತು. ನನ್ನದು ಮುಂದಿನ ಸಾಲಿನ ಎ-12. ಆಟ ಶುರುವಾಗಿ ಐದು ನಿಮಿಷಕ್ಕೆ ಗಿರಿಜಕ್ಕ ಬಂದರು. ಅವರು ಕೋಟದಲ್ಲಿ ನಮ್ಮ ಬೀದಿಗೆ ಮೀನು ತರುವವರು. ದಿನವೂ ಬುಟ್ಟಿ ಹೊರುವ ತಲೆಯಲ್ಲಿ ಅಂದು ಮಲ್ಲಿಗೆಯಿತ್ತು. ಸ್ವಯಂಸೇವಕರೊಬ್ಬರು ಅವರ ಟಿಕೆಟ್ಟನ್ನು ಬೆಳಕಿಗೆ ಹಿಡಿದರು. ಕುಳಿತಲ್ಲಿಂದಲೇ ನಾನೂ ಓದಿದೆ: ಎ-12.

"ಇಲ್ಲಿ ಜನ ಕೂಕಂಡಿದ್ರಲ್ದಾ. ಇದ್ ನಕ್ಲಿ," ಎಂದರು ಸ್ವಯಂಸೇವಕರು.

"ನಕ್ಲಿ ಅಂಬುಕೆ ನಾನ್ ಎಂತ ಮನೇಲ್ ಅಚ್ಚ್ ಹಾಕ್ಕಂಡ್ ಬಂದದ್ದಾ? ದುಡ್ಡ್ ಕೊಟ್ಟ್ ತಕಂಡದ್ ಮಾರಾಯ್ರೆ!"

ನನ್ನ ಟಿಕೆಟ್ಟನ್ನು ಸ್ವಯಂಸೇವಕರು ಕೇಳಲೇ ಇಲ್ಲ. ಇಸ್ತ್ರಿ ಹಾಕಿದ ಅಂಗಿಯೇ ನನ್ನ ಟಿಕೆಟ್ಟಾಗಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಘೋಷಣೆ ಬಂತು: "ನಕಲಿ ಟಿಕೆಟಿನವರು ದಯವಿಟ್ಟು ಹೊರಗೆ ಹೋಗಬೇಕು." ಸಭೆ ಹಿಂತಿರುಗಿ ಗಿರಿಜಕ್ಕನನ್ನು ನೋಡಿತು. ಅವರು ನನ್ನನ್ನು ನೋಡಿದರು. ನಾನು ರಂಗಸ್ಥಳವನ್ನು ನೋಡಿದೆ. ಅವರು ಹೋದರು, ಚೆಂಡೆಗೆ ಪೆಟ್ಟು ಬಿತ್ತು.

ಮೂರು ದಿನದ ಬಳಿಕ ಬೀದಿಯಲ್ಲಿ ಯಾರೋ ಕೂಗುವುದು ಕೇಳಿಸಿತು: "ಹ್ವಾಯ್ ಗಿರಿಜಕ್ಕ, ಬಂಗ್ಡೆ ಅಸ್ಲಿಯಾ, ನಿಮ್ ಟಿಕೇಟಿನ್ ಹಾಂಗೆಯಾ?" ಎಲ್ಲರೂ ನಕ್ಕರು. ಮೀನು ಮಾರುವವರ ಬಂಡವಾಳ ಬುಟ್ಟಿಯಲ್ಲಿರುವುದಿಲ್ಲ, ಮಾತಿನಲ್ಲಿರುತ್ತದೆ; 'ಇವತ್ತಿನದ್ದು' ಎಂದರೆ ಇವತ್ತಿನದ್ದು ಎಂದು ಜನ ನಂಬಬೇಕು. ಗಿರಿಜಕ್ಕ ನಗಲಿಲ್ಲ. ನೇರ ನನ್ನ ಗೇಟಿಗೆ ಬಂದು ಬುಟ್ಟಿ ಇಳಿಸಿದರು.

"ಸರ್ವೆಯರ್ರೆ, ನನ್ ಕುರ್ಚಿ ಮೇಲ್ ಕೂಕಂಡದ್ ನೀವೇ ಅಲ್ದಾ? ನಿಮ್ ಟಿಕೇಟ್ ಇತ್ತಾ, ಬಿಸಾಡಿದ್ರಿಯಾ?"

ಟಿಕೆಟ್ಟಿನ ಚೂರುಗಳನ್ನು ಪುಸ್ತಕದಲ್ಲಿ ಗುರುತಿಗೆ ಇಡುವುದು ನನ್ನ ಚಟ. ಮನೆಯವಳ ಲೆಕ್ಕದಲ್ಲಿ ರೋಗ. ಪಂಚಾಂಗದ ನಡುವಿನಿಂದ ಅದನ್ನು ತೆಗೆದು ತಂದೆ. ಎರಡನ್ನೂ ಜಗಲಿಯ ಮೇಲೆ ಜೋಡಿಸಿಟ್ಟೆವು. ಒಂದೇ ಕಾಗದ, ಒಂದೇ ಮೊಹರು, ಒಂದೇ ಸಂಖ್ಯೆ.

ಆಗಲೇ ಹಿಂಬದಿಯನ್ನು ಓದಿದ್ದು. ಮುಂಬದಿಯಲ್ಲಿ 'ಆಸನ ಕಾಯ್ದಿರಿಸಲಾಗಿದೆ' ಎಂದಿತ್ತು. ಹಿಂಬದಿಯಲ್ಲಿ 'ಬದಲಾವಣೆಯ ಸರ್ವ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ' ಎಂದಿತ್ತು. ಆಸನವನ್ನು ಇಬ್ಬರಿಗೆ ಕಾಯ್ದಿರಿಸಿದವರು ಹಕ್ಕನ್ನು ಮಾತ್ರ ತಮಗೊಬ್ಬರಿಗೇ ಕಾಯ್ದಿರಿಸಿಕೊಂಡಿದ್ದರು!

ಕುತೂಹಲ ಹತ್ತಿತು. ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ತರಿಸಿ, ಹಳೆಯ ನಕ್ಷೆ ಓದುವಂತೆ ಬೆರಳಿಟ್ಟು ಓದಿದೆ. ಅಲ್ಲಿಯವರೆಗೆ ಗ್ರಾಹಕನೆಂದರೆ ಅಕ್ಕಿ-ಸೋಪು ಕೊಳ್ಳುವವನೆಂದಷ್ಟೇ ನನ್ನ ಗ್ರಹಿಕೆ. ಟಿಕೆಟ್ಟು ಕೊಂಡು ಆಟ ನೋಡುವ ರಸಿಕನೂ ಗ್ರಾಹಕನೇ ಅಂತೆ. ತೋರಿಸುವುದು 'ಸೇವೆ' ಅಂತೆ. ನಮ್ಮಲ್ಲಿ ಹರಕೆ ಹೊತ್ತು ಊರಿಗೆಲ್ಲ ಪುಕ್ಕಟೆ ಆಡಿಸುವುದಕ್ಕೆ ಸೇವೆಯಾಟ ಎನ್ನುತ್ತೇವೆ. ಕಾಯ್ದೆಯ ಕಣ್ಣಿಗೆ ಪುಕ್ಕಟೆಯದ್ದು ಸೇವೆಯೇ ಅಲ್ಲ! ದೇವರ ಲೆಕ್ಕಕ್ಕೂ ಸರ್ಕಾರದ ಲೆಕ್ಕಕ್ಕೂ ಇಷ್ಟು ದೂರವಿರುವುದನ್ನು ಕಂಡು ತುಸು ಹೊತ್ತು ಖುಷಿಪಟ್ಟೆ. ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದೆಂದು ತಿಳಿದದ್ದೂ ಆಗಲೇ.

ದೂರಿಗೆ ಮೊದಲು ಸಂಘಟಕರಿಗೊಂದು ನೋಟಿಸು ಬರೆಯೋಣವೆಂದೆ. ಜೊತೆಗೆ ಸಾಕ್ಷಿಯಾಗಿ ನನ್ನ ಹೇಳಿಕೆ. ಹೊತ್ತು, ಸಾಲು, ಸಂಖ್ಯೆ, ಆಡಿದ ಮಾತು ಎಲ್ಲವನ್ನೂ ಅಳೆದು ಬರೆದೆ. ಕೊನೆಯ ವಾಕ್ಯಕ್ಕೆ ಲೇಖನಿ ಅರ್ಧ ದಿನ ಕಾಯಿತು: 'ಅವರ ಟಿಕೆಟ್ಟಿನ ಸಂಖ್ಯೆ ನನಗೆ ಕಂಡಿತ್ತು. ಆದರೂ ನಾನು ಏಳಲಿಲ್ಲ.'

ಕಾಯ್ದೆ ಎಂದರೆ ಕಾನೂನು. ಕಾವಲು ಕಾದೆ ಎಂದೂ ಆಗುತ್ತದೆ. ಆ ಮಧ್ಯಾಹ್ನ ನಾನು ಕಾಯ್ದದ್ದು ಕುರ್ಚಿಯನ್ನು. ಇಂಥ ಕಾಯ್ದೆಗೆ ಯಾವ ಆಯೋಗದಲ್ಲಿ ದೂರು ಕೊಡುವುದು, ನೀವೇ ಹೇಳಿ.

ಗಿರಿಜಕ್ಕ ಆ ಹೇಳಿಕೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೂ ಓದಿದರು.

"ಇದನ್ನೂ ಮೈಕಂಗೆ ಹೇಳುಕ್ ಹೇಳ್ಲಾ?"

ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು ಕೇಳಿದರು. ಅವರು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನೋಟಿಸು ಮುಟ್ಟಿದ ವಾರದಲ್ಲೇ ಸಂಘಟಕರು ನಮ್ಮ ಜಗಲಿಗೆ ಬಂದರು. ಜೋಡಿ ಟಿಕೆಟ್ಟುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಟಿಕೆಟ್ಟಿನ ಒಂದು ಪುಸ್ತಕ ಎರಡು ಸಲ ಅಚ್ಚಾಗಿದೆಯೆಂದು ಒಪ್ಪಿದರು. ದುಡ್ಡು ವಾಪಸು ಕೊಡುತ್ತೇವೆಂದರು.

"ದುಡ್ಡ್ ಹಾಂಗಿರ್ಲಿ. ನಕ್ಲಿ ಅಂದದ್ ಮೈಕಂಗೆ. ಅಲ್ಲ ಅಂಬುದೂ ಮೈಕಂಗೇ ಆಯ್ಕ್. ಇಲ್ದಿರೆ ಆಯೋಗಕ್ ಹೋತೆ," ಎಂದರು ಗಿರಿಜಕ್ಕ.

ಮುಂದಿನ ಆಟ ಅದೇ ಸಭಾಭವನದಲ್ಲಿ. ಈ ಸಲ ಟಿಕೆಟ್ಟಿನ ಹಿಂಬದಿಯನ್ನು ಎರಡು ಬಾರಿ ಓದಿದೆ. ಅವೇ ಇರುವೆಗಳು, ಅದೇ ಸಾಲು. ಮುಂಬದಿಯಲ್ಲಿ ಎ-13. ಪಕ್ಕದ ಎ-12 ಖಾಲಿಯಿತ್ತು. ಯಾರೋ ಕೂರಲು ಬಂದರು, "ಜನ ಇದ್ದಾರೆ" ಎಂದೆ. ಇನ್ನೊಬ್ಬರು ಬಂದರು, ಎದ್ದುನಿಂತು ಹೇಳಿದೆ. ಗಿರಿಜಕ್ಕ ಮಲ್ಲಿಗೆ ಮುಡಿದು ಬರುವಾಗ ಮೈಕಿನಲ್ಲಿ ಅವರ ಹೆಸರು ಹೇಳುತ್ತಿದ್ದರು: ಅವರ ಟಿಕೆಟ್ಟು ಅಸಲಿಯಾಗಿತ್ತು, ತಪ್ಪು ನಮ್ಮದು. ಸಭೆ ಮತ್ತೆ ಹಿಂತಿರುಗಿ ನೋಡಿತು. ಅವರು ಯಾರನ್ನೂ ನೋಡದೆ ನೆಟ್ಟಗೆ ನಡೆದು ಬಂದು ಕುಳಿತರು.

ನಾನಿನ್ನೂ ನಿಂತೇ ಇದ್ದೆ.

"ಹ್ವಾಯ್ ಸರ್ವೆಯರ್ರೆ, ಏಳುಕ್ ಕಲ್ತದ್ ಸಾಕ್. ಕೂಕಣಿ ಮಾರಾಯ್ರೆ, ಹಿಂದಿನೋರಿಗೆ ಕಾಂತಿಲ್ಲೆ!"