ಎಡಗೆನ್ನೆಯ ಹೂ

ವಿಶಾಲಾ, ಆ ಸೋಮವಾರ ವೀರಭದ್ರನ ಎಡಗೆನ್ನೆಯಿಂದ ಹೂವಿನ ಎಸಳು ತಾನಾಗಿ ಬೀಳಲಿಲ್ಲ. ಬೀಳುವ ಹಾಗೆ ಅಂಟಿಸಿದವನು ನಾನು.

ಇಷ್ಟು ಬರೆಯಲು ಹತ್ತೊಂಬತ್ತು ವರ್ಷ ಹಿಡಿಯಿತು. ಬಾಯಿಬಿಟ್ಟು ಹೇಳಲು ಎಷ್ಟೋ ಸಲ ಹೊರಟಿದ್ದೇನೆ. ನೀನು "ಏನ್ರೀ?" ಎಂದು ಮುಖ ನೋಡುತ್ತಲೇ "ಚಹಾ ಐತೇನು?" ಎಂದು ಕೇಳಿ ಮಾತು ತಿರುಗಿಸಿದ್ದೇನೆ. ನಾನು ಇಷ್ಟು ಚಹಾ ಕುಡಿಯುತ್ತೇನೆ ಎಂದು ನೀನು ಬೈಯುತ್ತೀಯಲ್ಲ—ಅದರಲ್ಲಿ ಅರ್ಧ ಚಹಾ ಈ ಸುಳ್ಳಿನದು. ಈಗ ನೀನು ಅಡುಗೆಮನೆಯ ಬಾಗಿಲಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದೀಯ. ನಾನು ಇಲ್ಲಿ ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಪಿಂಚಣಿಯ ಅರ್ಜಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದೀಯ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಎಲ್ಲ ಗೊತ್ತಿರುವುದೇ, ಆದರೂ ನನ್ನ ಕಡೆಯಿಂದ ಒಮ್ಮೆ ಕೇಳು.

ಆಗ ನಾವು ಕುಷಾಯಿಗೂಡದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರ್—ನಿನ್ನ ತವರಿನವರು ಕೊನೆಯವರೆಗೂ ಪೊಲೀಸ್ ಎಂದೇ ತಿಳಿದಿದ್ದರು—ಲೇತ್ ಯಂತ್ರದಿಂದ ಇಳಿದ ತುಂಡುಗಳನ್ನು ಅಳೆದು ಇದು ಪಾಸು, ಇದು ರಿಜೆಕ್ಟು ಎನ್ನುವವನು. ನೀನು ಮದುವೆಯಾದ ಮೇಲೆ ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ, ಬೆಂಚಿಗೆ ಆರು ಜನ ಒತ್ತಿಕೊಂಡು ಕೂರುವ ಕ್ಲಾಸಿನಲ್ಲಿ, ಹಟ ಹಿಡಿದು ಕಲಿತು ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆದೆ. ಇಬ್ಬರದೂ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ನೌಕರಿ. ಮನೆಗೆ ಬಂದ ಮೇಲೆ ಮಾತ್ರ ಒಬ್ಬರಲ್ಲೊಬ್ಬರು ತಪ್ಪು ಹುಡುಕುತ್ತಿರಲಿಲ್ಲ. ಇಂಡಿ ತಾಲೂಕಿನಿಂದ ಬಂದ ಹುಡುಗಿ ಬಸ್ಸಿನಲ್ಲಿ ತೆಲುಗಿನಲ್ಲಿ ಜಗಳಾಡಿ, ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ವಾದಿಸಿ, ಮನೆಗೆ ಬಂದು "ಯವ್ವಾ, ಕಾಲು ಸೋತು ಹೋದ್ವು" ಎಂದು ಕೂರುತ್ತಿದ್ದಳಲ್ಲ, ಅವಳನ್ನು ಕಂಡರೆ ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತೇ? ಅಷ್ಟೇ ಹೆದರಿಕೆಯೂ ಇತ್ತು. ಅದನ್ನು ಮಾತ್ರ ಹೇಳಿರಲಿಲ್ಲ.

ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಲಲಿತಾ ಗಂಡನೊಡನೆ ನ್ಯೂಜಿಲೆಂಡಿಗೆ ಹೋದಳು. ಅಲ್ಲಿಗೆ ಹೋಗಲು ಮೊದಲೇ ನೌಕರಿ ಬೇಕಿಲ್ಲವಂತೆ, ಓದು, ವಯಸ್ಸು, ಅನುಭವಕ್ಕೆ ಅಂಕ ಕೊಡುತ್ತಾರಂತೆ, ಅಂಕ ಸಾಲುವಷ್ಟು ಬಂದರೆ ಕಾಯಂ ಇರಲು ಬಿಡುತ್ತಾರಂತೆ—ನೀನು ಹೇಳುತ್ತಾ ಹೇಳುತ್ತಾ ಕೈಯಲ್ಲಿದ್ದ ರೊಟ್ಟಿ ತಟ್ಟುವುದನ್ನೇ ಮರೆತಿದ್ದೆ. ನಾನು ನಕ್ಕು "ಆಯ್ತು, ಅರ್ಜಿ ಹಾಕು" ಎಂದೆ. ವೀಸಾ ಬರುವುದಿಲ್ಲ ಎಂಬ ಧೈರ್ಯ ನನಗೆ. ಅರ್ಜಿಯಲ್ಲಿ ಮೊದಲ ಹೆಸರು ನಿನ್ನದು, ನಾನು ಜೊತೆಗೆ ಬರುವ ಗಂಡ. ಎದೆಯ ಎಕ್ಸ್‌ರೇ ತೆಗೆಸೋಣ ಎಂದೆ ನೀನು, ಆಯ್ತು ಎಂದೆ ನಾನು. ಪೊಲೀಸ್ ಸರ್ಟಿಫಿಕೇಟು ತರಬೇಕು ಎಂದೆ, ಆಯ್ತು ಎಂದೆ. ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ನಡೆಯುವ ದೊಡ್ಡ ಮನಸ್ಸಿನ ಗಂಡ ಎಂದು ಓಣಿಯ ಜನ ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ರುಚಿಸಿತ್ತು.

ವೀಸಾ ಬಂತು. ನೌಕರಿ ಬರಲಿಲ್ಲ. ನೀನು ಬರೆದ ಕಂಪನಿಗಳೆಲ್ಲ ಇಲ್ಲಿಗೆ ಬಂದ ಮೇಲೆ ಕಾಣಿರಿ ಎಂದವು. ಲಲಿತಾ ಸುಳ್ಳು ಬರೆಯುವವಳಲ್ಲ: ತನ್ನ ಗಂಡ ಮೊದಲ ಏಳು ತಿಂಗಳು ಅಂಗಡಿಯೊಂದರಲ್ಲಿ ಡಬ್ಬಿ ಜೋಡಿಸಿದ, ಮನೆಯಲ್ಲಿ ಮಾತು ಕಡಿಮೆಯಾಗಿತ್ತು, ಈಗ ಪರವಾಗಿಲ್ಲ, ಬನ್ನಿ, ಆದರೆ ಗಟ್ಟಿ ಮನಸ್ಸು ಮಾಡಿ ಬನ್ನಿ—ಎಂದು ಬರೆದಿದ್ದಳು. ಹೊರಡಲು ಕೊಟ್ಟ ಗಡುವು ಹತ್ತಿರ ಬರುತ್ತಿತ್ತು. ನೀನು ಆ ಕಾಗದ ಓದಿ ಗಟ್ಟಿಯಾದೆ. ನಾನು ಅದೇ ಕಾಗದ ಓದಿ ಕರಗಿದೆ.

"ನೌಕರಿ ಅಲ್ಲಿಗೆ ಹೋಗಿ ಹುಡುಕೂಣ್ರಿ," ಎಂದೆ ನೀನು. "ಡಬ್ಬಿ ಜೋಡಿಸೂದಾದ್ರ ಇಬ್ಬರೂ ಕೂಡಿ ಜೋಡಸೂಣು. ನಾ ಏನ್ ಅಂಬೂದು ನನಗ ಒಮ್ಮೆ ನೋಡ್ಬೇಕಾಗೇತಿ."

ಆಗಲೇ ನಾನು ಬೇಡ ಎನ್ನಬೇಕಿತ್ತು. ನನಗೆ ಭಯ ಆಗುತ್ತದೆ, ವಿಶಾಲಾ. ನನ್ನ ಡಿಪ್ಲೊಮಾಕ್ಕೆ ಅಲ್ಲಿ ಬೆಲೆ ಇಲ್ಲ, ನನ್ನ ಇಂಗ್ಲಿಷು ಫ್ಯಾಕ್ಟರಿ ಗೇಟಿನಾಚೆ ನಡೆಯುವುದಿಲ್ಲ, ನಿನಗೆ ಎರಡು ತಿಂಗಳಲ್ಲಿ ನೌಕರಿ ಸಿಗುತ್ತದೆ, ನನಗೆ ಸಿಗುವುದಿಲ್ಲ, ಆಮೇಲೆ ನೀನು ನನ್ನನ್ನು ಹೇಗೆ ನೋಡುತ್ತೀಯೋ... ಇಷ್ಟು ಹೇಳಿದ್ದರೆ ನೀನು ಜಗಳಾಡುತ್ತಿದ್ದೆ. ಅಳುತ್ತಿದ್ದೆ. ಒಂದು ವಾರ ಮಾತು ಬಿಡುತ್ತಿದ್ದೆ. ಬಹುಶಃ ನನ್ನನ್ನು ಒಪ್ಪಿಸುತ್ತಿದ್ದೆ, ಇಲ್ಲವೇ ನನಗಾಗಿ ಉಳಿಯುತ್ತಿದ್ದೆ. ಏನಾಗಿದ್ದರೂ ಅದು ನಮ್ಮಿಬ್ಬರ ನಡುವಿನದಾಗಿರುತ್ತಿತ್ತು. ನಾನು ಅದರ ಬದಲು "ದೇವರನ್ನ ಕೇಳೂಣು" ಎಂದೆ.

ನಿನ್ನ ಮುಖ ಅರಳಿತು. ನಿನಗೆ ದೇವರ ಮೇಲೆ ಎಷ್ಟು ನಂಬಿಕೆ ಎಂದು ಗೊತ್ತಿದ್ದೇ ಹಾಗೆ ಹೇಳಿದ್ದೆ. "ಕೇಳೂಣ್ರಿ," ಎಂದೆ ನೀನು. "ಆತ ಹೂಂ ಅಂದ್ರ ಆಮ್ಯಾಲ ನೀವು ಹೆದರಬಾರದು ಮತ್ತ." ನಾನು ಹೆದರಿದ್ದೇನೆ ಎಂದು ನೀನು ಆಗಲೇ ಕಂಡುಕೊಂಡಿದ್ದೆ! ನನಗೆ ಧೈರ್ಯ ಬರಲಿ ಎಂದೇ ದೇವರ ಮುಂದೆ ಕೂರಲು ಒಪ್ಪಿದ್ದೆ.

ನಮ್ಮ ಮನೆತನದಲ್ಲಿ ಹೂ ಕೇಳುವ ಪದ್ಧತಿ ನಿನಗೆ ಹೇಳಬೇಕಿಲ್ಲ. ಹಿತ್ತಾಳೆಯ ವೀರಭದ್ರನ ಮುಖ, ಎರಡೂ ಕೆನ್ನೆಗೆ ನೀರು ಹಚ್ಚಿ ಅಂಟಿಸಿದ ಒಂದೊಂದು ಸೇವಂತಿಗೆ ಎಸಳು, ಎದುರಿಗೆ ಕೂತು ಮನಸ್ಸಿನಲ್ಲಿ ಕೇಳಿಕೊಳ್ಳುವುದು. ಆತನ ಬಲಗೆನ್ನೆಯ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು ಅಪ್ಪಣೆ. ನನ್ನ ಮದುವೆಗೂ ಅಪ್ಪ ಹೀಗೇ ಕೇಳಿದ್ದ. ಪೂಜೆ ಮಾಡುವವನೇ ಎಸಳು ಅಂಟಿಸಬೇಕು. ಮನೆಯಲ್ಲಿ ಪೂಜೆ ನನ್ನದು.

ಕಾರ್ಖಾನೆಯಲ್ಲಿ ನಾನು ದಿನವೂ ಹಿಡಿಯುತ್ತಿದ್ದ ಸಾಮಾನೊಂದಿದೆ, ಸ್ಲಿಪ್ ಗೇಜ್ ಎನ್ನುತ್ತಾರೆ. ಅಳತೆಗೆಂದು ಕನ್ನಡಿಯಷ್ಟು ನಯವಾಗಿ ಉಜ್ಜಿದ ಉಕ್ಕಿನ ಸಣ್ಣ ತುಂಡುಗಳು. ಎರಡನ್ನು ಚೆನ್ನಾಗಿ ಒರೆಸಿ, ಒಂದರ ಮೇಲೊಂದು ಒತ್ತಿ ಜಾರಿಸಿದರೆ ಗೋಂದಿಲ್ಲದೆ ಅಂಟಿಕೊಳ್ಳುತ್ತವೆ. ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಸೆ ಇದ್ದರೆ ಹಿಡಿತ ಬಿಗಿ. ಪಸೆ ಹೆಚ್ಚಾದರೆ ಜಾರಿ ಬಿಡುತ್ತವೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಕಲಿಸುತ್ತಿದ್ದವನು ನಾನೇ.

ಆ ಬೆಳಿಗ್ಗೆ ಏನೋ ಬುದ್ಧಿ ಕೆಟ್ಟು ಹಾಗೆ ಮಾಡಿದೆ ಎಂದುಕೊಳ್ಳಬೇಡ. ಹಿಂದಿನ ದಿನ ರವಿವಾರ ನೀನು ಕಾಯಿಪಲ್ಯೆ ತರಲು ಹೋದಾಗ ಬಾಗಿಲು ಹಾಕಿಕೊಂಡು ಎರಡು ಸಲ ಮಾಡಿ ನೋಡಿದ್ದೆ. ಎರಡು ಸಲವೂ ಎಡದ ಎಸಳೇ ಮೊದಲು ಬಿತ್ತು. ಅಳತೆಯವನಲ್ಲವೇ ನಾನು, ಟ್ರಯಲ್ ತೆಗೆಯದೆ ಕೆಲಸ ಒಪ್ಪಿಸುವುದಿಲ್ಲ.

ಸೋಮವಾರ ನೀನು ತಲೆಗೆ ನೀರು ಹಾಕಿಕೊಂಡು, ಒದ್ದೆಗೂದಲಿನಲ್ಲೇ ಬಂದು ನನ್ನ ಪಕ್ಕ ಕೂತು ಕಣ್ಣು ಮುಚ್ಚಿದೆ. ನಾನು ಬಲಗೆನ್ನೆಯನ್ನು ಮಡಿಬಟ್ಟೆಯಿಂದ ಒರೆಸಿ, ಬೆರಳ ತುದಿಯ ನೀರು ಮುಟ್ಟಿಸಿ, ಎಸಳನ್ನು ಒತ್ತಿ ಕೂರಿಸಿದೆ. ಎಡಗೆನ್ನೆಯನ್ನು ಒರೆಸಲಿಲ್ಲ. ದೀಪದ ಬತ್ತಿ ಸರಿಮಾಡಿದ ಎಣ್ಣೆಬೆರಳಿನಲ್ಲೇ ಸವರಿ, ನೀರು ಜೋರಾಗಿ ಹಚ್ಚಿ, ಎಸಳನ್ನು ಸುಮ್ಮನೆ ಇಟ್ಟೆ. ನಿನ್ನ ತುಟಿಗಳು ಅಲುಗುತ್ತಿದ್ದವು. ಏನು ಕೇಳಿಕೊಳ್ಳುತ್ತಿದ್ದೆಯೋ ನನಗೆ ಕೇಳಿಸಲಿಲ್ಲ. ನಾನೂ ಕೈಮುಗಿದು ಕೂತಿದ್ದೆ—ಯಾರಿಗೆ ಮುಗಿದೆನೋ.

ಎಸಳು ಬಿತ್ತು.

ನೀನು ಕಣ್ಣು ತೆರೆದೆ. ಸ್ವಲ್ಪ ಹೊತ್ತು ನೋಡಿದೆ. ಬಗ್ಗಿ ಮತ್ತೂ ಹತ್ತಿರದಿಂದ ನೋಡಿದೆ. "ಎಡಕ್ಕ ಬಿತ್ತಲ್ರಿ," ಎಂದೆ, ಅಷ್ಟೇ. ನಾನು ಹೂಂ ಎಂದೆ. "ಹೋಗಲಿ ಬಿಡ್ರಿ. ಆತ ಬ್ಯಾಡ ಅಂದಮ್ಯಾಲ ನಾವ್ಯಾರು?" ಎಂದು ನೀನು ಎದ್ದು, ಬಿದ್ದ ಎಸಳನ್ನು ಕಣ್ಣಿಗೆ ಒತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡೆ. ನನ್ನ ಸುಳ್ಳನ್ನು ಪ್ರಸಾದ ಎಂದು ತಲೆಯಲ್ಲಿಟ್ಟುಕೊಂಡು ಆ ದಿನ ಕೊಂಡಾಪುರಕ್ಕೆ ನೌಕರಿಗೆ ಹೋದೆ. ಸಂಜೆ ನಾನು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ, ನೆನಪಿದೆಯೇ? ಗೆದ್ದ ಖುಷಿಯಲ್ಲಿ ತಂದದ್ದು ಅದು. ನಿನಗೆ ಸಮಾಧಾನ ಮಾಡಲು ತಂದೆ ಎಂದು ತಿಳಿದು ನೀನು ನನಗೇ ಹೆಚ್ಚು ಬಡಿಸಿದೆ.

ಗಡುವು ಮುಗಿದು ಪಾಸ್‌ಪೋರ್ಟಿನ ಆ ಹಾಳೆ ಬರೀ ಹಾಳೆಯಾಯಿತು. ಆಮೇಲೆ ನಾನು ಎಷ್ಟು ನೆವ ಹುಡುಕಿದೆ! ಎರಡು ವರ್ಷದ ನಂತರ ಮಗಳು ಹುಟ್ಟಿದಾಗ, ಅಲ್ಲಿ ಬಾಣಂತನ ಯಾರು ಮಾಡುತ್ತಿದ್ದರು ಎಂದುಕೊಂಡೆ. ಕಂಪನಿಗಳಿಗೆ ಹೊಡೆತ ಬಿದ್ದು ನಿನ್ನನ್ನು ಎಂಟು ತಿಂಗಳು ಮನೆಯಲ್ಲಿ ಕೂರಿಸಿದಾಗ, ಪರದೇಶದಲ್ಲಿ ಹೀಗಾಗಿದ್ದರೆ ಏನು ಗತಿ ಎಂದುಕೊಂಡೆ. ಎಲ್ಲ ಸರಿಹೋಯಿತಲ್ಲ, ಮನೆಯಾಯಿತು, ನಾವು ನಗುತ್ತೇವೆ, ನೀನು ಈಗಲೂ ನನ್ನ ತಟ್ಟೆಗೆ ಬೆಣ್ಣೆ ಹೆಚ್ಚು ಹಾಕುತ್ತೀಯ... ಇದೆಲ್ಲ ನಿಜ. ಇದಾವುದೂ ನಾನು ಮಾಡಿದ್ದಕ್ಕೆ ಉತ್ತರವಲ್ಲ. ಅಲ್ಲಿ ನಾವು ಬಾಳುತ್ತಿದ್ದೆವೋ ಬೀಳುತ್ತಿದ್ದೆವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಹಕ್ಕು ನಿನಗಿತ್ತು, ಅದನ್ನು ನಾನು ಕಸಿದೆ.

ಬರೀ ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೋ ಏನೋ. ನಾನು ಅಷ್ಟು ಒಳ್ಳೆಯವನಲ್ಲ. ಆದರೆ ಕಳೆದ ಶ್ರಾವಣದಲ್ಲಿ ಇಂಡಿಯಿಂದ ಫೋನ್ ಬಂತು, ನಿಮ್ಮವ್ವನಿಗೆ ಜಡ್ಡು ಭಾಳ ಜೋರಾಗಿದೆ ಎಂದು. ನೀನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ನಾನು, ಬಸ್ಸಿಗೆ ಇನ್ನೂ ಹೊತ್ತಿದೆ, ದೇವರ ಮುಂದೆ ಒಂದು ಗಳಿಗೆ ಕೂತು ಅವ್ವನ ಸಲುವಾಗಿ ಕೇಳಿಕೋ ಎಂದೆ. ನೀನು ತಲೆ ಎತ್ತಲಿಲ್ಲ.

"ನೀವ ಕೇಳ್ರಿ," ಎಂದೆ. "ನಾ ಕೇಳಂಗಿಲ್ಲ. ನನಗ ಆತ ಎಡಕ್ಕ ಕೊಟ್ಟಾನ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ನೀನು ಸೀರೆ ಮಡಿಸುತ್ತಲೇ ಹೇಳಿದೆ: "ಅವತ್ತ ನನ್ನ ಆಸೆ ಭಾಳ ಆಗಿತ್ತ್ರಿ. ಊರು, ಅವ್ವ, ನೀವು, ಯಾರೂ ಕಣ್ಣಿಗೆ ಕಾಣ್ತಿರಲಿಲ್ಲ. ಅದಕ್ಕ ಆತ ಬಡದ ಹೇಳಿದ. ಅವತ್ತಿಂದ ನಾ ಆತಗ ಏನೂ ಕೇಳಿಲ್ಲ. ಕೈ ಮುಗಿತೀನಿ, ಅಷ್ಟ."

ಹತ್ತೊಂಬತ್ತು ವರ್ಷ! ಬಾಣಂತನದ ನೋವಿನಲ್ಲಿಯೂ ಕೇಳಲಿಲ್ಲವೇ? ಮಗಳಿಗೆ ಡೆಂಗಿ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದೆಯಲ್ಲ, ಆಗಲೂ? ಪುಣೆಯ ಕಂಪನಿಯವರು ದೊಡ್ಡ ಹುದ್ದೆಗೆ ಕರೆದಾಗ "ಇದ್ದದ್ದ ಸಾಕ್ರಿ" ಎಂದೆಯಲ್ಲ—ನಾನು ಅದನ್ನು ತೃಪ್ತಿ ಎಂದು ತಿಳಿದು, ಎಂಥ ಹೆಂಡತಿ ಎಂದು ಗೆಳೆಯರ ಮುಂದೆ ಬೀಗಿದ್ದೆ. ಅದು ತೃಪ್ತಿಯಲ್ಲ. ಏನನ್ನಾದರೂ ಬಯಸಲು ನಿನಗೆ ಹೆದರಿಕೆ ಬಂದಿತ್ತು. ನೀನು ನಂಬಿದ ದೇವರು ನಿನ್ನ ಮನಸ್ಸು ನೋಡಿ ಛೀ ಎಂದ ಎಂದು ನಂಬಿಕೊಂಡು, ಆತನ ಮುಂದೆ ದಿನವೂ ದೀಪ ಹಚ್ಚುತ್ತಾ ಬಂದೆ. ನಾನು ನಿನ್ನ ಪಕ್ಕದಲ್ಲೇ ಗಂಟೆ ಬಾರಿಸುತ್ತಿದ್ದೆ.

ಆ ದಿನವೂ ನಾನು ಬಾಯಿ ಬಿಡಲಿಲ್ಲ. ಅವ್ವ ಹೋದರು. ತಾನು ಕೇಳಿಕೊಳ್ಳದಿದ್ದಕ್ಕೇ ಹಾಗಾಯಿತೋ ಎಂದು ನಿನಗೆ ಅನ್ನಿಸಿರಬಹುದೇ ಎಂದು ಎಂಟು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿನ್ನನ್ನು ಕೇಳುವ ಧೈರ್ಯ ಮಾಡಿಲ್ಲ.

ವಿಶಾಲಾ, ನಿನ್ನ ಆಸೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಿನ್ನನ್ನು ಯಾರೂ ಮೇಲಿನಿಂದ ನೋಡಿ ಬೇಡ ಎನ್ನಲಿಲ್ಲ. ಬೇಡ ಎಂದವನು ನಾನು, ಹೆದರುಪುಕ್ಕಲ, ನಿನ್ನ ಮುಂದೆ ಆ ಒಂದು ಮಾತು ಆಡಲಾರದೆ ಹಿತ್ತಾಳೆಯ ಬಾಯಿಂದ ಆಡಿಸಿದವನು. ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಿಬಿಡುತ್ತೀಯ ಎಂಬ ಭಯ ನನಗಿದೆ. ನಿನ್ನದು ಅಂಥ ಸ್ವಭಾವ, ಸೋಸಿದ ಚವಳಿಕಾಯಿ ಒಲೆಗೆ ಹಾಕಿ, ಆಗಿದ್ದು ಆಗಿ ಹೋಯಿತು ಎಂದುಬಿಡುತ್ತೀಯ. ಹಾಗನ್ನಬೇಡ.

ಇದನ್ನು ಈಗಲೇ ತಂದು ನಿನ್ನ ಮುಂದೆ ಓದುತ್ತೇನೆ. ನಡುವೆ ಚಹಾ ಕೇಳುವುದಿಲ್ಲ. ದೇವರ ಜೊತೆ ಜಗಳಾಡಬಾರದೆಂದು ನೀನು ಇಷ್ಟು ವರ್ಷ ಸುಮ್ಮನಿದ್ದೆ. ನನ್ನ ಜೊತೆ ಜಗಳಾಡು.