ಗಾಜಿನ ಬಟ್ಟೆಯ ದೋಣಿಗೆ ಅವ್ವ ಕೊಟ್ಟ ಎಲುಬು

ಅರವತ್ತರ ದಶಕದ ಮಾತು. ಹುಕ್ಕೇರಿ ತಾಲ್ಲೂಕಿನಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ನಾನು ಅಲ್ಲಿನ ವರ್ಕ್‌ಶಾಪಿನಲ್ಲಿ ನಕ್ಷೆ ಬರೆಯುತ್ತಿದ್ದೆ. ನದಿಯ ಅಳತೆಗೆ ವೇಗವಾಗಿ ಓಡುವ ಸಣ್ಣ ಮೋಟಾರು ದೋಣಿ ಬೇಕಾಗಿತ್ತು. ಮರ ಬೇಡ, ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನ ಮೇಲೆ ಪದರು ಪದರಾಗಿ ಹಾಸಿ, ರೆಸಿನ್ ಎಂಬ ಅಂಟು ಸವರಿ ಮಾಡೋಣವೆಂದು ನಮ್ಮ ಎಂಜಿನಿಯರರು ಹಟ ಹಿಡಿದರು. ಸಾಮಾನು ಮುಂಬಯಿಯಿಂದ ರೈಲಿನಲ್ಲಿ ಘಟಪ್ರಭಾ ಸ್ಟೇಷನ್ನಿಗೆ ಬಂತು.

ಮೊದಲ ಸಲ ನೀರಿಗಿಳಿಸಿದಾಗ ದೋಣಿಯಲ್ಲಿ ನಾನೂ ಕೂತಿದ್ದೆ. ವೇಗ ಏರಿದಂತೆ ಅಲೆ ಬಡಿದು ತಳವೆಲ್ಲ ಬಾರಿಸುವ ಹಲಗೆವಾದ್ಯದ ಚರ್ಮದಂತೆ ಅದುರತೊಡಗಿತು. ದಡಕ್ಕೆ ತಂದು ನೋಡಿದರೆ ಕೂದಲೆಳೆಯಂಥ ಬಿರುಕು. ಇನ್ನೂ ನಾಲ್ಕು ಪದರು ಹಾಕಿದೆವು. ಅದುರುವುದು ನಿಂತಿತು, ಆದರೆ ದೋಣಿ ಭಾರವಾಗಿ ಓಟವೇ ಹೋಯಿತು.

ಆ ರವಿವಾರ ಗೋಕಾಕಿಗೆ, ಮನೆಗೆ ಹೋದೆ. ಅವ್ವ ಗೊಂಬೆ ಮಾಡುವವಳು. ಹುಣಸೆಬೀಜದ ಅಂಟಿನಲ್ಲಿ ಕಾಗದ, ಹಳೇ ಅರಿವೆ ಅಂಟಿಸಿ ದೊಡ್ಡದೊಂದು ಟೊಳ್ಳು ಆನೆ ಮಾಡಿದ್ದಳು. ಬೆನ್ನು ಒತ್ತಿದೆ, ಬಗ್ಗಲಿಲ್ಲ.

"ಎಷ್ಟು ಪದರು ಹಾಕೀಯವ್ವಾ?"

"ಮೂರ. ದಪ್ಪ ಮಾಡಿದ್ರ ಬರೇ ಭಾರ ಆಗತೈತೋ ತಮ್ಮಾ. ಒಳಗ ಕೈ ಹಾಕಿ ನೋಡು."

ಒಳಗೆ ಕಾಗದದ ಸುರುಳಿಗಳನ್ನು ಪಕ್ಕೆಲುಬಿನಂತೆ ಕೂರಿಸಿ, ಅವುಗಳ ಮೇಲೆ ಅರಿವೆ ಅಂಟಿಸಿದ್ದಳು.

ಮರುದಿನ ಅವ್ವನ ಆನೆಯ ವಿಷಯ ಹೇಳಿ, ಅದೇ ರೀತಿ ಕಾಗದದ ಎಲುಬಿಟ್ಟ ದೋಣಿಯ ನಕ್ಷೆ ಬರೆದು ತೋರಿಸಿದೆ. ಎಂಜಿನಿಯರರು ನಕ್ಕರು. "ಕಾಗದ ಏನ್ ಪೆಟ್ಟು ತಡೀತೈತೋ?"

"ಕಾಗದ ಬರೇ ಆಕಾರ ಕೊಡತೈತ್ರಿ ಸಾಹೇಬರ. ತಡಿಯೂದು ಅದರ ಮ್ಯಾಲಿನ ಗಾಜಿನ ಬಟ್ಟಿ."

ಅವರು ನಗು ನಿಲ್ಲಿಸಿ ಲೆಕ್ಕ ಹಾಕತೊಡಗಿದರು. ಹೊಸ ದೋಣಿಗೆ ತಳ ತೆಳುವಾಗಿಟ್ಟು, ಅಲೆ ಹೆಚ್ಚು ಬಡಿಯುವ ಮುಂಭಾಗದಲ್ಲಿ ಎಲುಬುಗಳನ್ನು ಒತ್ತೊತ್ತಾಗಿ ಕೂರಿಸಿದೆವು.

"ಇದನ್ನ ಹೇಳಿಕೊಟ್ಟವರನ್ನ ಕರಕೊಂಡು ಬಾ," ಎಂದರು ಅವರು.

ಅವ್ವ ಬಂದಳು. ದೋಣಿಯ ಸುತ್ತ ನಡೆಯುತ್ತ, ಮಡಕೆ ಕೊಳ್ಳುವಾಗಿನಂತೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟಳು. ಒಂದು ಕಡೆ ನಿಂತಳು. "ಇಲ್ಲಿ ಅಂಟು ಹಿಡದಿಲ್ರಿ."

ಮೇಲೆ ನುಣ್ಣಗಿತ್ತು, ಯಾರಿಗೂ ಏನೂ ಕಾಣಲಿಲ್ಲ. ಎಂಜಿನಿಯರರು ಅಷ್ಟು ಜಾಗ ಕೊರೆಸಿದರು. ಪದರುಗಳ ನಡುವೆ ಅಂಗೈಯಗಲ ಗಾಳಿ ನಿಂತಿತ್ತು! ಅವರು ಎಲ್ಲರೆದುರು ಅವ್ವನಿಗೆ ಕೈಮುಗಿದರು. ಅವಳು ನಾಚಿ ಸೆರಗು ಸರಿಮಾಡಿಕೊಂಡಳು. ನನಗೆ ಮಾತ್ರ ಆವತ್ತು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ಜಾಗ ಸರಿಪಡಿಸಿ ನೀರಿಗಿಳಿಸಿದೆವು. ಆ ದೋಣಿ ಹಲವು ಮಳೆಗಾಲ ಓಡಿತು; ತಳ ಬಿರಿಯಲಿಲ್ಲ.