ಮೈಲಿಗೊಂದು ಮನೆಯ ಊರು

ನಮ್ಮ ಗೋಡೆಯ ಆಚೆ ಯಾರೋ ಬಾಣಂತಿ ಇದ್ದಾಳೆ. ನನಗೆ ಯಾರೂ ಹೇಳಲಿಲ್ಲ, ಮೂಗು ಹೇಳಿತು. ನ್ಯೂಜರ್ಸಿಯ ಈ ಸಮರ್‌ಸೆಟ್‌ನಲ್ಲಿ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ್ದಾರೆ. ಅವರ ಒಗ್ಗರಣೆಗೆ ನಾವು ಸೀನುತ್ತೇವೆ, ನಮ್ಮ ಒಗ್ಗರಣೆಗೆ ಅವರು. ಈಚೆಗೆ ದಿನಾ ಬೆಳಗ್ಗೆ ಸಬ್ಬಸಿಗೆ ಸೊಪ್ಪಿನ ವಾಸನೆ, ಅದರ ಬೆನ್ನಿಗೇ ಬೆಳ್ಳುಳ್ಳಿ. ಬಾಯಿ ಚಪಲಕ್ಕೆ ಯಾರೂ ಬೆಳಗಾಗೆದ್ದು ಅಷ್ಟು ಬೆಳ್ಳುಳ್ಳಿ ತಿನ್ನುವುದಿಲ್ಲ. ಮಗುವಿಗೆ ಹಾಲೂಡುವವಳೇ ಇರಬೇಕು.

ಮಗಳು ಸುಧಾಗೆ ಹೇಳಿದೆ. "ಅಮ್ಮಾ, ಅವರು ಇನ್ವೈಟ್ ಮಾಡಿದರೆ ಹೋಗೋಣ. ಇಲ್ಲಿ ಹಾಗೆಲ್ಲ ಹೋಗಿ ಬಾಗಿಲು ತಟ್ಟಬಾರದು" ಅಂದಳು. ಸರಿ, ನಾನು ಸುಮ್ಮನಾದೆ. ವಾಸನೆ ಸುಮ್ಮನಾಗಬೇಕಲ್ಲ. ಅದು ನನ್ನ ರಟ್ಟೆ ಹಿಡಿದು ಎಳಕೊಂಡು ಹೋಗಿ ಅಯೋವಾದಲ್ಲಿ ಬಿಟ್ಟಿತು.

ನೀವು ಅಯೋವಾ ನೋಡಿರಲಿಕ್ಕಿಲ್ಲ, ಅಮೆರಿಕದ ನಡುಮಧ್ಯದ ರಾಜ್ಯ. ನೋಡುವುದಕ್ಕೂ ಏನಿಲ್ಲ ಬಿಡಿ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರ್‌ಗಳಿಗೆಲ್ಲ ತಲೆ ಕೆಡುತ್ತದೆ ಅಂತ ಹೆದರಿದ್ದರಲ್ಲ, ಆಗ ನಮ್ಮ ಅಳಿಯ ರಘುವನ್ನು ಅಲ್ಲಿಯ ಒಂದು ಬಿತ್ತನೆ ಬೀಜದ ಕಂಪನಿಗೆ ಕಳಿಸಿದ್ದರು. ಸುಧಾಳ ಬಾಣಂತನಕ್ಕೆ ಅಂತ ನಾನು ಹೋಗಿ ಇಳಿದೆ. ಒಬ್ಬಟ್ಟು ತಟ್ಟಿದ ಹಾಗೆ ನೆಲ. ಒಂದು ದಿಬ್ಬ ಇಲ್ಲ, ಒಂದು ಕಲ್ಲು ಇಲ್ಲ. ಎಲ್ಲಿ ನೋಡಿದರೂ ಮುಸುಕಿನ ಜೋಳ, ಅದು ಮುಗಿದರೆ ಸೋಯಾ, ಅದು ಮುಗಿದರೆ ಮತ್ತೆ ಜೋಳ. ಚೌಕಾಬಾರದ ಮನೆ ಬರೆದ ಹಾಗೆ ಮೈಲಿಗೊಂದು ರಸ್ತೆ ಗೀಚಿದ್ದರು. ಮೈಲಿಗೊಂದು ಮನೆ. ಇದನ್ನು ಟೌನ್‌ಶಿಪ್ ಅನ್ನುತ್ತಾರೆ ಅಂದ ರಘು.

"ಊರೆಲ್ಲಿ ರಘು?" ಅಂದೆ.

"ಇದೇ ಊರು ಅತ್ತೆ. ಆಗಲೇ ಒಳಗೆ ಬಂದಾಯಿತು."

ಜನ ಅಂದರೆ ಮುದುಕರು, ಮುದುಕಿಯರು, ಹಂದಿಗಳು. ಹಂದಿಗಳೇ ಹೆಚ್ಚು. ಹುಡುಗರೆಲ್ಲ ದೊಡ್ಡ ಊರುಗಳಿಗೆ ಹೋಗಿ, ಶಾಲೆಗೆ ಬೀಗ ಬಿದ್ದಿತ್ತು. ಒಂದು ಚರ್ಚು, ಅದರ ಪಕ್ಕದಲ್ಲೇ ಸ್ಮಶಾನ. ಬದುಕಿರುವವರಿಗಿಂತ ಅಲ್ಲಿ ಮಲಗಿದವರೇ ಜಾಸ್ತಿ. ಆದರೂ ನನಗೆ ಆ ಊರು ಹಿಡಿಸಿತು. ದಾರಿ ಕೇಳಿದರೆ "ಮೂಡಲಿಗೆ ಹೋಗಿ, ಆಮೇಲೆ ಬಡಗಲಿಗೆ ತಿರುಗಿ" ಅಂತಲೇ ಅವರೂ ಹೇಳುವುದು, ನಮ್ಮೂರಿನವರ ಹಾಗೆ. ಈ ಜರ್ಸಿಯಲ್ಲಿ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಅಂತ ಯಾರಿಗಾದರೂ ಗೊತ್ತಾ, ಕೇಳಿ ನೋಡಿ.

ಸುಧಾಗೆ ಮಾತ್ರ ಆ ಊರು ಕಣ್ಣಿಗೆ ಬಿದ್ದರೆ ಅಳು. ಮಗು ಹುಟ್ಟಿದ ಮೇಲೆ ಇನ್ನೂ ಜಾಸ್ತಿಯಾಯಿತು. ನಾಮಕರಣ ಹತ್ತಿರ ಬಂದಾಗ ಒಂದು ದಿನ ಗಂಡನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು. "ನನ್ನ ಮಗುವಿನ ತೊಟ್ಟಿಲು ತೂಗೋಕೆ ನಾಲ್ಕು ಜನ ಬರದೇ ಇರೋ ಊರಲ್ಲಿ ನಾನಿರಲ್ಲ. ನ್ಯೂಜರ್ಸಿಗೆ ಫ್ರೆಂಡ್ ಮನೆಗೆ ಹೋಗ್ತೀನಿ. ನೀನು ನಿನ್ನ ಜೋಳದ ಜೊತೆ ಇರು." ಸೂಟ್‌ಕೇಸೂ ಕೆಳಗಿಳಿಯಿತು. ಅವಳು ಹೋದರೆ ತಿರುಗಿ ಬರುವವಳಲ್ಲ. ನನ್ನ ಮಗಳು, ನನಗೆ ಗೊತ್ತಿಲ್ಲವಾ?

"ಕರೆದಿದ್ದೀಯೇನೇ ಯಾರನ್ನಾದರೂ?" ಅಂದೆ.

"ಯಾರಿದ್ದಾರಮ್ಮ ಕರೆಯೋಕೆ?"

ಕುಂಕುಮದ ಬಟ್ಟಲು ತಗೊಂಡು ಚಪ್ಪಲಿ ಮೆಟ್ಟಿದೆ. ಅವಳಿಗೆ ಗಾಬರಿ. "ಅಮ್ಮಾ, ನೀನು... ನೀನು ಹೋಗಬಾರದಲ್ವಾ?" ಅಂದಳು. ನಿಜ. ನಮ್ಮ ಕಡೆ ಶುಭಕಾರ್ಯಕ್ಕೆ ಕುಂಕುಮ ಹಿಡಿದು ಕರೆಯಲು ಹೋಗುವವರು ಮುತ್ತೈದೆಯರು. ಗಂಡ ಸತ್ತ ಮೇಲೆ ನಾನು ಆ ಬಟ್ಟಲು ಮುಟ್ಟಿರಲಿಲ್ಲ. "ಇನ್ಯಾರು ಹೋಗ್ತಾರೆ, ನಿನ್ನ ಗಂಡನ ಕಂಪ್ಯೂಟರಾ?" ಅಂದು ಹೊರಟೆ.

ಆ ಊರಲ್ಲಿ ಯಾರೂ ರಸ್ತೆ ಮೇಲೆ ನಡೆಯುವುದಿಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ಸೀರೆ ಉಟ್ಟ ಮುದುಕಿ ಜೋಳದ ನಡುವೆ ಬಟ್ಟಲು ಹಿಡಿದು ನಡೆದರೆ ಅವರಾದರೂ ಏನು ತಿಳಿಯಬೇಕು? ಒಂದು ಕೆಂಪು ಪಿಕಪ್ ಗಾಡಿ ನಿಂತಿತು. ಒಳಗೆ ನನ್ನ ವಯಸ್ಸಿನ ಒಬ್ಬಳು. ಹೆಸರು ಡೊರೊತಿ ಅಂತ ಆಮೇಲೆ ಗೊತ್ತಾಯಿತು.

"ಯೂ ಲಾಸ್ಟ್, ಹನಿ?" ಅಂದಳು, ನಾನು ದಾರಿ ತಪ್ಪಿದ್ದೇನೆ ಅಂದುಕೊಂಡು.

"ನೋ ಲಾಸ್ಟ್. ಬೇಬಿ. ನೇಮ್. ಸಂಡೇ. ಯೂ ಕಮ್" ಅಂದೆ. ನನ್ನ ಇಂಗ್ಲಿಷ್ ಅಲ್ಲಿಗೆ ಖಾಲಿ.

ಅವಳಿಗೆ ಅಷ್ಟು ಸಾಕಾಯಿತು. ಬಾಗಿಲು ತೆಗೆದು ನನ್ನನ್ನು ಹತ್ತಿಸಿಕೊಂಡಳು. ಒಂದೊಂದು ಮನೆ ಮುಂದೂ ನಿಲ್ಲಿಸಿ, ಹಾರನ್ ಹೊಡೆದು, ನನ್ನ ಪರವಾಗಿ ಅವಳೇ ಕರೆದಳು. ನಾನು ಕುಂಕುಮ ಕೊಟ್ಟೆ. ಒಬ್ಬಳು ಮೂಸಿ ನೋಡಿದಳು. ಒಬ್ಬಳು ಕೆನ್ನೆಗೆ ಹಚ್ಚಿಕೊಂಡಳು. ಒಬ್ಬ ಮುದುಕ ತನಗೂ ಬೇಕು ಅಂದ. ದಾರಿಯಲ್ಲಿ ಡೊರೊತಿ ತನ್ನ ಮದುವೆಯ ಉಂಗುರ ತೋರಿಸಿ, ಸ್ಮಶಾನದ ಕಡೆ ಗದ್ದ ಎತ್ತಿದಳು. ನಾನು ನನ್ನ ಬರೀ ಹಣೆ ತೋರಿಸಿ, ಮೇಲೆ ನೋಡಿದೆ. ಇಬ್ಬರು ಮುಂಡೆಯರು ಗಾಡಿ ಕಟ್ಟಿಕೊಂಡು ನಾಮಕರಣಕ್ಕೆ ಕರೆಯಲು ಹೊರಟಿದ್ದೇವೆ! ನಮ್ಮ ಅತ್ತೆ ಇದ್ದಿದ್ದರೆ ಅಲ್ಲೇ ಜೀವ ಬಿಡುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ತಿಳಿಯದಿದ್ದರೂ ಅವಳೂ ನಕ್ಕಳು. ಮನೆಗೆ ಬಿಡುವ ಮುಂಚೆ ತನ್ನ ಹಿತ್ತಲಿಗೆ ಕರಕೊಂಡು ಹೋದಳು. ಸೊಂಟದುದ್ದ ಸಬ್ಬಸಿಗೆ ಬೆಳೆದಿದ್ದಳು, ಸೌತೆಕಾಯಿ ಉಪ್ಪಿನಕಾಯಿಗಂತೆ. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ ಒಂದು ತಬ್ಬು ಕೊಯ್ದು ಕೊಟ್ಟಳು.

ಭಾನುವಾರ ಹತ್ತು ಗಂಟೆಗೆ ಅಂದಿದ್ದೆವು. ನಮ್ಮವರ ಹತ್ತು ಅಂದರೆ ನಿಮಗೆ ಗೊತ್ತೇ ಇದೆ. ಸ್ನಾನ ಮುಗಿಸಿ ಕಿಟಕಿಯಿಂದ ನೋಡುತ್ತೇನೆ, ಹತ್ತಾಗುವ ಮೊದಲೇ ರಸ್ತೆಯುದ್ದಕ್ಕೂ ಗಾಡಿಗಳು. ಎಲ್ಲರೂ ಒಳಗೇ ಕೂತು ಗಡಿಯಾರ ನೋಡುತ್ತಿದ್ದಾರೆ. ಹತ್ತು ಹೊಡೆದಿದ್ದೇ ಎಲ್ಲ ಬಾಗಿಲೂ ಒಟ್ಟಿಗೆ ತೆರೆದವು. ಕೈಯಲ್ಲಿ ಒಂದೊಂದು ಪಾತ್ರೆ, ಅರ್ಧಕ್ಕರ್ಧ ಹಂದಿಮಾಂಸ. ರಘು ಅವನ್ನೆಲ್ಲ ನಗುನಗುತ್ತಾ ಇಸಕೊಂಡು ಗ್ಯಾರೇಜಿನಲ್ಲಿಟ್ಟ. ಅಲ್ಲೇ ತೊಲೆಗೆ ನಾವು ಸೀರೆಯ ತೊಟ್ಟಿಲು ಕಟ್ಟಿದ್ದೆವು. ಕುಂಕುಮ ಇಟ್ಟುಕೊಂಡಿದ್ದ ಆ ಮುದುಕ ಗಂಟು ಎಳೆದು ನೋಡಿ ತಲೆ ಆಡಿಸಿದ. ಗಾಡಿಯಿಂದ ಕರು ಕಟ್ಟುವ ಹಗ್ಗ ತಂದು ಬೇರೆ ಬಿಗಿದು, ಅದಕ್ಕೆ ತಾನೇ ಜೋತುಬಿದ್ದು ತೋರಿಸಿದ. ಮಗುವಿನ ಹೆಸರು ನಿಧಿ ಅಂತ ಸುಧಾ ಕೂಗಿದಳು. ಅಷ್ಟೂ ಜನ ಸರದಿಯಲ್ಲಿ ನಿಂತು, ಟೋಪಿ ತೆಗೆದು, ತೊಟ್ಟಿಲು ತೂಗಿದರು.

ಸಾಯಂಕಾಲ ಸುಧಾ ಸೂಟ್‌ಕೇಸನ್ನು ತಾನೇ ಮೇಲಕ್ಕಿಟ್ಟಳು. ರಘುವಿನ ಕೆಲಸ ಮುಗಿಯುವ ತನಕ ನ್ಯೂಜರ್ಸಿ ಸುದ್ದಿ ಎತ್ತಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಇಲ್ಲಿಗೆ ಬಂದೆವು.

ಇಲ್ಲಿ ನಮ್ಮವರು ಬೇಕಾದಷ್ಟು. ನಾನು ಮತ್ತೆ ಅಡುಗೆಮನೆ ಸೇರಿದೆ. ಯಾರಾದರೂ ಆರತಿ ತಟ್ಟೆ ಹಿಡಿದರೆ ನಾನು ಒಳಗೆ ಸೌತೆಕಾಯಿ ಹೆಚ್ಚುತ್ತಿರುತ್ತೇನೆ. ಹೀಗೇ ಮಾಡು ಅಂತ ಯಾರೂ ಅಂದಿಲ್ಲ, ಕಾಲೇ ಆ ಕಡೆ ಹೋಗುತ್ತದೆ. ಗೋಡೆಯಾಚೆಯ ಬಾಣಂತಿ ಮನೆಗೆ ಹೋಗದೆ ಉಳಿದದ್ದೂ ಇನ್ವೈಟ್ ಇಲ್ಲ ಅಂತಲ್ಲ. ಅದು ನನಗೂ ಒಂದು ನೆಪ.

ಇಷ್ಟು ಬರೆಯುವ ಹೊತ್ತಿಗೆ ಗೋಡೆಯಾಚೆಯಿಂದ ಬೆಳ್ಳುಳ್ಳಿ ಸೀದ ವಾಸನೆ ಬಂತು. ಮಗು ಅಳುತ್ತಲೇ ಇತ್ತು, ಎತ್ತಿಕೊಳ್ಳುವವರಿಲ್ಲ. ಎದ್ದು ಹೋಗಿ ಬಾಗಿಲು ಬಡಿದೆ. ತಲೆಗೂದಲು ಕೆದರಿಕೊಂಡ ಒಂದು ಹುಡುಗಿ ತೆಗೆದಳು. ಹೆಗಲ ಮೇಲೆ ಮಗು, ಕೈಯಲ್ಲಿ ಸೌಟು. ಕನ್ನಡದವಳೇ.

"ಯಾರು ಆಂಟಿ?"

"ಪಕ್ಕದ ಮನೆಯವಳು. ನನಗೆ ಗಂಡ ಇಲ್ಲ. ಅಡ್ಡಿ ಇದ್ದರೆ ಈಗಲೇ ಹೇಳಿಬಿಡು."

"ನನಗೆ ಇದ್ದೂ ಏನು ಬಂತು ಆಂಟಿ? ಬೆಳಗ್ಗೆ ಜರ್ಸಿ ಸಿಟಿಗೆ ಕೆಲಸಕ್ಕೆ ಹೋದರೆ ಬರೋದು ಕತ್ತಲಾದ ಮೇಲೆ" ಅಂದು ಮಗುವನ್ನು ನನ್ನ ಕೈಗೆ ಹಾಕಿ, ಒಲೆ ಆರಿಸಲು ಓಡಿದಳು.